ಗಂಡನ ಹೆಸರಿನ ಹಿಂದೆ ಗೌರಮ್ಮ

ಮಕ್ಕಳೇ, ಕೊಡಗಿನ ಗೃಹಿಣಿಯೊಬ್ಬರು ಮನೆ, ಗಂಡ, ಮಗುವನ್ನು ನೋಡಿಕೊಳ್ಳುತ್ತಲೇ ಕಥೆ ಬರೆಯುತ್ತಿದ್ದರು. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದವರು. ಕಥೆಗೆ ಹಾಕುತ್ತಿದ್ದುದು ಮಾತ್ರ ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂಬ ಗಂಡನ ಹೆಸರು.

1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ತಮ್ಮ ಮನೆಗೂ ಬರಲೇಬೇಕೆಂದು ಉಪವಾಸ ಕೂತರು. ಗಾಂಧೀಜಿ ಬಂದರು; ಇವರು ತಮ್ಮ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟುಬಿಟ್ಟರು. ಮನೆಯೊಳಗೇ ನೊಂದ ಹೆಂಗಸರ ಪಾಡನ್ನು ಕಥೆಗಳಲ್ಲಿ ಹೇಳಿದರು.

1939ರಲ್ಲಿ ಈಜಲು ಹೋದವರು ನೀರುಪಾಲಾದರು. ಆಗ ವಯಸ್ಸು ಬರೀ 27. ‘ಕಂಬನಿ’ ಪುಸ್ತಕವಾಗಿ ಬಂದದ್ದು ಆಮೇಲೆ. ಇಂದು ಕನ್ನಡಿಗರಿಗೆ ಅವರು ಕೊಡಗಿನ ಗೌರಮ್ಮ. ಕೊನೆಗೆ ಉಳಿದದ್ದು ಅವರದೇ ಹೆಸರು.

ಊರವರಿಗೆಲ್ಲ ‘ಇಂಥವರ ಅಮ್ಮ’ ಆಗಿರುವ ನಿಮ್ಮ ಅಜ್ಜಿಯ ಪೂರ್ತಿ ಹೆಸರೇನು? ಚಿಕ್ಕವರಿದ್ದಾಗ ಅವರಿಗೆ ಏನಾಗಬೇಕೆಂಬ ಆಸೆಯಿತ್ತು? ಈ ವಾರವೇ ಕೇಳಿ, ಬರೆದಿಟ್ಟುಕೊಳ್ಳಿ.