ಬ್ಯಾರನ್ನನ ಪೆನ್ಸಿಲ್ಲು, ಸರ್ಕಾರದ ಶಾಯಿ

ಸ್ಲೊವಾಕಿಯಾದ ಬೆಕೊವ್‌ನಲ್ಲಿ 1852ರಲ್ಲಿ ಹುಟ್ಟಿದ ಚಿತ್ರಕಾರ ಲಾಡಿಸ್ಲಾವ್ ಮೆಡ್ನ್ಯಾನ್‌ಸ್ಕಿ ಒಡೆಯರ ಮನೆಯ ಮಗ, ಬ್ಯಾರನ್. ಆದರೂ ಅಲೆಮಾರಿಗಳ ಜೊತೆ ತಿರುಗಿದ, ಕೈಲಿದ್ದ ಕಾಸು ಹಂಚಿದ, ಅವರನ್ನು ಪೆನ್ಸಿಲ್ಲಿನಲ್ಲಿ ಬರೆದ. ಅವನ ಕರುಣೆ ಸುಳ್ಳಲ್ಲ, ಒಪ್ಪೋಣ. ಆದರೆ ಕೇಳಲೇಬೇಕು: ಬರೆದವನ ಹೆಸರುಂಟು, ಬರೆಸಿಕೊಂಡವನ ಹೆಸರೆಲ್ಲಿ? 'ಅಲೆಮಾರಿಗಳು' ಅಂದುಬಿಟ್ರೆ ಮುಗೀತಾ? ಅವರಿಗೆ ಹೆತ್ತವರು ಹೆಸರೇ ಇಟ್ಟಿರಲಿಲ್ವಾ?

ಬ್ಯಾರನ್ 1919ರಲ್ಲಿ ಸತ್ತ. ಆಮೇಲೆ ಸರ್ಕಾರವೇ ಅವರ ಗುರುತು ಹಿಡಿಯಲು ಕೂತಿತು, ಪೆನ್ಸಿಲ್ಲಿನಿಂದಲ್ಲ, ಶಾಯಿಯಿಂದ. 1927ರ ಚೆಕೊಸ್ಲೊವಾಕಿಯಾ ಕಾನೂನು ಅಲೆಮಾರಿ ರೋಮಾಗಳನ್ನೂ ಅವರಂತೆ ಅಲೆದು ಬದುಕುವ ಇತರರನ್ನೂ ಹಿಡಿದು, ಬೆರಳಚ್ಚು ಒತ್ತಿಸಿಕೊಂಡು, ಗುರುತಿನ ಚೀಟಿ ಹೊರಿಸಿತು. ಹೆಸರು ಕೊನೆಗೂ ಬರೆದುಕೊಂಡರು, ಪೊಲೀಸರ ಕಡತಕ್ಕೆ! 1958ರಲ್ಲಿ ಸಮತೆಯ ಮಾತಾಡುವ ಸರ್ಕಾರವೇ ಅಲೆಯೋದನ್ನೇ ಅಪರಾಧ ಮಾಡಿತು: 6 ತಿಂಗಳಿಂದ 3 ವರ್ಷ ಜೈಲು. ಬಂಡಿಗಳ ಗಾಲಿ ಕಿತ್ತರು. ಬದುಕೋದು ಹೇಗೆ ಅಂತ ಆ ಜನರನ್ನು ಕೇಳಿದವರು ಯಾರು?

ಅಲೆಮಾರಿ ಗೋಡೆಯ ಮೇಲಿದ್ದರೆ ಕಲೆ, ಊರ ಬಾಗಿಲಿಗೆ ಬಂದರೆ ಕಳ್ಳ. ಈ ಎರಡು ನಾಲಗೆಯ ಕಲಾಪ್ರೇಮಕ್ಕೆ ಧಿಕ್ಕಾರವಿರಲಿ. ಚಿತ್ರದ ಮುಂದೆ ನಿಟ್ಟುಸಿರು ಬಿಡೋರು ಮೊದಲು ಕಿತ್ತ ಗಾಲಿಗಳ ಲೆಕ್ಕ ಕೊಡಲಿ.