ಆ ರೊಟ್ಟಿಯಲ್ಲಿ ನಮ್ಮ ತುಂಡು ಎಲ್ಲಿದೆ?

ಸಂಘದ ವಾರ್ಷಿಕ ಮಹಾಸಭೆಯ ವರದಿ ಕೈಗೆ ಬಂದಾಗ ನಮ್ಮಲ್ಲಿ ಹೆಚ್ಚಿನವರು ಬೋನಸ್ ಎಷ್ಟು ಎಂದು ನೋಡಿ ಮಡಚಿಡುತ್ತೇವೆ. ಖರ್ಚಿನ ಪುಟದಲ್ಲಿ ಬಣ್ಣದ ತುಂಡುಗಳ ದುಂಡನೆಯ ಚಿತ್ರವಿದ್ದರೆ, ಅದು ಓದಿದವರಿಗೆ ಎಂದು ಬಿಟ್ಟುಬಿಡುತ್ತೇವೆ. ಅದೇ ಪೈ ಚಾರ್ಟ್. ರೊಟ್ಟಿ ಮುರಿದು ಮನೆಮಂದಿಗೆಲ್ಲ ಹಂಚುವ ನಮಗೆ ಅದು ಹೊಸದೇನಲ್ಲ. ಇಡೀ ರೊಟ್ಟಿ ಶೇ. 100, ಅರ್ಧ ಶೇ. 50, ಕಾಲು ಶೇ. 25.

ಪ್ರತಿ ಮನೆಯ ಹಸುವಿಗೂ ಇಂಥದೊಂದು ಚಿತ್ರ ಬೇಕು, ಅದನ್ನು ಹಾಲು ಕರೆಯುವವಳೇ ಬರೆಯಬೇಕು ಎಂಬುದು ನನ್ನ ಅಭಿಪ್ರಾಯ.

ಒಂದು ಉದಾಹರಣೆ ನೋಡೋಣ. ದಿನಕ್ಕೆ 10 ಲೀಟರ್ ಕೊಡುವ ಮಿಶ್ರತಳಿ ಹಸು, ತಿಂಗಳ ಖರ್ಚು 8,000 ರೂಪಾಯಿ ಎಂದಿಟ್ಟುಕೊಳ್ಳಿ. ಪಶು ಆಹಾರ ಶೇ. 50, ಮೇವು ಶೇ. 25, ಔಷಧ ಮತ್ತು ಚಿಕಿತ್ಸೆ ಶೇ. 10, ವಿಮೆ ಮತ್ತು ಸಾಲದ ಬಡ್ಡಿ ಶೇ. 10, ಇತರೆ ಶೇ. 5. ರೂಪಾಯಿ ತಿಳಿಯಲು 8,000ವನ್ನು 100ರಿಂದ ಭಾಗಿಸಿ: ಶೇ. 1 ಎಂದರೆ 80 ರೂಪಾಯಿ. ಹಾಗಾಗಿ ಪಶು ಆಹಾರಕ್ಕೆ 4,000, ಔಷಧಕ್ಕೆ 800.

ಕೈ ಬಿಗಿಯಾದಾಗ ನಾವು ಮೊದಲು ಕತ್ತರಿ ಹಾಕುವುದು ಔಷಧಕ್ಕೆ. ಅದರಲ್ಲಿ ಹತ್ತನೇ ಒಂದು ಪಾಲು ಉಳಿಸಿದರೆ ಸಿಗುವುದು 80 ರೂಪಾಯಿ. ಕೆಚ್ಚಲು ಬಾವು ಬಂದರೆ ಎರಡೇ ದಿನದ ಹಾಲಿನಲ್ಲಿ ಅದು ಹೋಗುತ್ತದೆ. ಪಶು ಆಹಾರದಲ್ಲಿ ಅಷ್ಟೇ ಪಾಲು ಉಳಿದರೆ 400 ರೂಪಾಯಿ. ಹಾಗೆಂದು ಹಸುವನ್ನು ಅರೆಹೊಟ್ಟೆಯಲ್ಲಿ ಇಡುವುದು ಬೇಡ. ಶರೀರ ಪೋಷಣೆಗೆ ಒಂದೂವರೆಯಿಂದ ಎರಡು ಕಿಲೋ, ಕೊಡುವ ಪ್ರತಿ ಲೀಟರಿಗೆ ಸುಮಾರು 400 ಗ್ರಾಂ ಎಂಬ ಲೆಕ್ಕದಲ್ಲಿ ತೂಗಿ ಹಾಕಿ. ಬೊಗಸೆ ಅಂದಾಜಿನಲ್ಲಿ ಎಷ್ಟು ಹೆಚ್ಚು ಹೋಗುತ್ತಿತ್ತು ಎಂಬುದು ಆಗ ಗೊತ್ತಾಗುತ್ತದೆ.

ಈಗ ನನ್ನ ತಕರಾರಿಗೆ ಬರುತ್ತೇನೆ. ಮೇಲಿನ ಐದು ತುಂಡುಗಳಲ್ಲಿ ನಮ್ಮ ದುಡಿಮೆ ಎಲ್ಲಿದೆ? ಸಗಣಿ ಬಾಚುವುದು, ಹುಲ್ಲು ಕೊಯ್ಯುವುದು, ಮೈ ತೊಳೆಯುವುದು, ಹಾಲು ಕರೆದು ಡೇರಿಗೆ ಹಾಕುವುದು ಎಲ್ಲ ಸೇರಿ ದಿನಕ್ಕೆ ನಾಲ್ಕು ಗಂಟೆ ಎಂದರೂ ತಿಂಗಳಿಗೆ 120 ಗಂಟೆ. ಗಂಟೆಗೆ 50 ರೂಪಾಯಿ ಹಿಡಿದರೆ 6,000. ಅದನ್ನು ಸೇರಿಸಿದರೆ ಒಟ್ಟು ಖರ್ಚು 14,000 ಆಗುತ್ತದೆ. ಪಶು ಆಹಾರ ಅದೇ 4,000 ಇದ್ದರೂ ಅದರ ಪಾಲು ಸುಮಾರು ಶೇ. 29ಕ್ಕೆ ಇಳಿಯುತ್ತದೆ, ನಮ್ಮ ದುಡಿಮೆ ಸುಮಾರು ಶೇ. 43, ಎಲ್ಲಕ್ಕಿಂತ ದೊಡ್ಡ ತುಂಡು. ತಿಂಗಳಿಗೆ 300 ಲೀಟರ್ ಹಾಲಿನಲ್ಲಿ ಲೀಟರಿನ ಖರ್ಚು 26 ರೂಪಾಯಿ 67 ಪೈಸೆಯಿಂದ 46 ರೂಪಾಯಿ 67 ಪೈಸೆಗೆ ಏರುತ್ತದೆ.

“ಮನೆ ಕೆಲಸಕ್ಕೆ ಯಾರಾದರೂ ಕೂಲಿ ಲೆಕ್ಕ ಹಾಕುತ್ತಾರಾ?” ಎಂದು ಮನೆಯಲ್ಲಿ ಕೇಳಬಹುದು. ನಮಗೆ ಜ್ವರ ಬಂದು ಆಳು ಕರೆಸಿದ ದಿನ ಕೂಲಿ ಕೊಡುತ್ತೇವಲ್ಲ? ಈ ಲೆಕ್ಕದಿಂದ ನಾಳೆಯೇ ಕೈಗೆ ದುಡ್ಡು ಬರುವುದಿಲ್ಲ, ನಿಜ. ಆದರೆ “ಇನ್ನೊಂದು ಹಸು ಕಟ್ಟೋಣ” ಎಂಬ ಮಾತು ಬಂದಾಗ, ಅದಕ್ಕೆ ಬೇಕಾದ ಗಂಟೆಗಳು ಯಾರವು ಎಂದು ಕೇಳಲು ಈ ಚಿತ್ರ ಬೇಕು. ಹಾಲಿನ ದರದ ಚರ್ಚೆಯಲ್ಲಿ ನಮ್ಮ ಖರ್ಚು ಎಷ್ಟು ಎಂದು ಎದ್ದು ಹೇಳಲೂ ಬೇಕು.

ಮುಂದಿನ ಬಟವಾಡೆಯ ದಿನ ಪಾಸ್‌ಬುಕ್ ಪಕ್ಕದಲ್ಲಿಟ್ಟುಕೊಂಡು, ಮಗಳ ನೋಟ್‌ಬುಕ್ಕಿನಲ್ಲಿ ತಟ್ಟೆ ಬೋರಲು ಹಾಕಿ ಒಂದು ವೃತ್ತ ಎಳೆಯಿರಿ. ನಿಮ್ಮ ದುಡಿಮೆಯ ತುಂಡನ್ನು ಮೊದಲು ಬರೆಯಿರಿ. ಉಳಿದವು ಆಮೇಲೆ.