ದುಡ್ಡು ನಮ್ಮದು, ಗೇಮ್ ಮಾತ್ರ ಅವರದ್ದಾ?

ಗೇಮ್ ಆಡುವ ಗೆಳೆಯರೇ, ಗೇಮ್ ಕೊಡಿಸುವ ಅಪ್ಪ ಅಮ್ಮಂದಿರೇ!

ದುಡ್ಡು ಕೊಟ್ಟು ಕೊಂಡದ್ದು ನಮ್ಮದಾಗಬೇಕು. ಇಷ್ಟು ಕೇಳುವುದೂ ತಪ್ಪಾ?

ಹಿಂದೆ ಅಂಗಡಿಗೆ ಹೋಗಿ ಡಿಸ್ಕ್ ತರುತ್ತಿದ್ದೆವು. ಆಡಿ ಮುಗಿಸಿ ತಮ್ಮನಿಗೆ ಕೊಡುತ್ತಿದ್ದೆವು. ಗೆಳೆಯರ ಜೊತೆ ಅದಲುಬದಲು ಮಾಡುತ್ತಿದ್ದೆವು. ಕೈಯಲ್ಲಿ ಕಾಸಿಲ್ಲದಾಗ ಹಳೆಯದನ್ನು ಮಾರಿ ಇನ್ನೊಂದು ತರುತ್ತಿದ್ದೆವು. ಯಾರ ಅಪ್ಪಣೆಯೂ ಬೇಕಿರಲಿಲ್ಲ!

ಈಗ? ಆನ್‌ಲೈನ್ ಸ್ಟೋರಿಗೆ ಸಾವಿರಾರು ರೂಪಾಯಿ ಕಟ್ಟುತ್ತೀರಿ. ಆಡಿ ಮುಗಿದ ಗೇಮನ್ನು ಮಾರುವಂತಿಲ್ಲ. ಖಾತೆ ಮುಚ್ಚಿದರೆ ವರ್ಷಗಟ್ಟಲೆ ಕೂಡಿಟ್ಟ ಗೇಮ್‌ಗಳೆಲ್ಲ ಒಟ್ಟಿಗೇ ಹೋಗುತ್ತವೆ!

ಇದು ಶುರುವಾಗಿದ್ದು ಇವತ್ತಲ್ಲ. 2004ರಲ್ಲಿ ‘ಹಾಫ್-ಲೈಫ್ 2’ ಎಂಬ ಗೇಮ್ ಬಂತು. ಅಂಗಡಿಯಿಂದ ಡಬ್ಬಿ ತಂದವರೂ ಇಂಟರ್ನೆಟ್ ಹಾಕಿಸಿ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಸೇವೆಯಲ್ಲಿ ಖಾತೆ ತೆರೆಯಲೇಬೇಕಾಯಿತು. ಡಿಸ್ಕ್ ನಮ್ಮ ಕೈಯಲ್ಲಿ, ಬೀಗದ ಕೈ ಅವರ ಹತ್ತಿರ! ಈಗಂತೂ ಎಷ್ಟೋ ಡಬ್ಬಿಗಳಲ್ಲಿ ಡಿಸ್ಕೇ ಇಲ್ಲ. ಒಂದು ಕೋಡ್ ಚೀಟಿ ಅಷ್ಟೇ!

‘ದಿ ಕ್ರೂ’ ಆಡಿದವರನ್ನು ಕೇಳಿ. ಯೂಬಿಸಾಫ್ಟ್ ಕಂಪನಿ 2014ರಲ್ಲಿ ತಂದ ಗೇಮ್ ಅದು. 2024ರ ಮಾರ್ಚ್ 31ಕ್ಕೆ ಸರ್ವರ್ ಬಂದ್! ಒಬ್ಬರೇ ಕೂತು ಆಡುವ ಭಾಗವೂ ನಿಂತುಹೋಯಿತು. ಡಿಸ್ಕ್ ಇದ್ದವರಿಗೂ ಅದೇ ಗತಿ. ಸಾಲದ್ದಕ್ಕೆ ಜನರ ಖಾತೆಯಿಂದ ಲೈಸೆನ್ಸನ್ನೂ, ಅಂದರೆ ಆಡುವ ಅನುಮತಿಯನ್ನೂ, ಕಿತ್ತುಕೊಂಡರು!

ಪೆಟ್ಟು ಬೀಳುತ್ತಿರುವುದು ಯಾರಿಗೆ? ಪಾಕೆಟ್ ಮನಿ ಕೂಡಿಟ್ಟ ಹುಡುಗ ಹುಡುಗಿಯರಿಗೆ. ದಿನಕ್ಕೆ 2 ಜಿಬಿ ಪ್ಯಾಕ್ ನಂಬಿಕೊಂಡ ಹಾಸ್ಟೆಲ್ ವಿದ್ಯಾರ್ಥಿಗೆ. 100 ಜಿಬಿ ಗೇಮ್ ಇಳಿಸಲು ಅವನಿಗೆ 50 ದಿನ ಬೇಕು! ಡಿಸ್ಕ್ ಮಾರಿ ಮನೆ ನಡೆಸುತ್ತಿದ್ದ ಚಿಕ್ಕ ಅಂಗಡಿಯವರಿಗೆ. ಪೆಟ್ಟು ತಿಂದವರೆಲ್ಲ ನಾವೇ, ನೀವೇ!

ಸುಮ್ಮನೆ ಕೂತರೆ ನಮ್ಮ ಹಕ್ಕನ್ನು ಯಾರೂ ಕೊಡುವುದಿಲ್ಲ. ಯುರೋಪಿನ ಜನ ಸುಮ್ಮನೆ ಕೂರಲಿಲ್ಲ. ಮಾರಿದ ಗೇಮ್‌ಗಳನ್ನು ಸಾಯಿಸಬೇಡಿ ಎಂದು ಅವರು ಹಾಕಿದ ಸಹಿಗಳು 2025ರ ಜುಲೈನಲ್ಲಿ 10 ಲಕ್ಷ ದಾಟಿದವು! ಕೊಡುತ್ತಿರುವುದು ಬರೀ ಲೈಸೆನ್ಸ್ ಆದರೆ ಅದನ್ನು ಕೊಳ್ಳುವವರಿಗೆ ಮೊದಲೇ ಹೇಳಬೇಕು ಎಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಜಾರಿಯಲ್ಲಿದೆ. ನಮಗೇಕೆ ಬೇಡ?

ನಾವು ಕೇಳುವುದು ಮೂರೇ:

● ಲೈಸೆನ್ಸ್ ಮಾರುವುದಾದರೆ ಬೆಲೆಯ ಪಕ್ಕದಲ್ಲೇ ದಪ್ಪ ಅಕ್ಷರದಲ್ಲಿ ಬರೆಯಿರಿ!
● ಸರ್ವರ್ ನಿಲ್ಲಿಸುವ ಮೊದಲು ಇಂಟರ್ನೆಟ್ ಇಲ್ಲದೆ ಆಡುವ ದಾರಿ ಮಾಡಿಕೊಡಿ!
● ಕೊಂಡ ಗೇಮನ್ನು ಮಾರುವ, ಇನ್ನೊಬ್ಬರಿಗೆ ಕೊಡುವ ಹಕ್ಕು ಕೊಡಿ!

ಇವತ್ತೇ ಶುರು ಮಾಡಿ. ಡಬ್ಬಿ ಕೊಳ್ಳುವ ಮುಂಚೆ “ಒಳಗೆ ಡಿಸ್ಕ್ ಇದೆಯಾ?” ಎಂದು ಕೇಳಿ. ಆನ್‌ಲೈನ್‌ನಲ್ಲೇ ಕೊಳ್ಳುವುದಾದರೆ ಮೊದಲು ಜಿಓಜಿ ಎಂಬ ಸ್ಟೋರಿನಲ್ಲಿ ಹುಡುಕಿ. ಅಲ್ಲಿ ಇನ್‌ಸ್ಟಾಲರ್ ಇಳಿಸಿ ನಿಮ್ಮ ಹಾರ್ಡ್ ಡಿಸ್ಕಿನಲ್ಲೇ ಇಟ್ಟುಕೊಳ್ಳಬಹುದು. ಖರೀದಿಯ ಬಿಲ್ಲನ್ನು ಜೋಪಾನ ಮಾಡಿ. ಮೋಸ ಆಯಿತೇ? ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಿ. ನಿಮ್ಮ ಸಂಸದರಿಗೆ ಪತ್ರ ಬರೆಯಿರಿ.

ಒಬ್ಬರ ದೂರು ಮೂಲೆ ಸೇರಬಹುದು. ಸಾವಿರ ದೂರು ಸೇರುವುದಿಲ್ಲ!

ಓದಿ ಬಿಸಾಡಬೇಡಿ. ಇನ್ನೊಬ್ಬ ಗೇಮರ್ ಕೈಗೆ ಕೊಡಿ!